ಕೊಟ್ಟ ದುಡ್ಡು ತಲುಪುವ ದಾರಿ

ಸಂಡೂರು ತಾಲ್ಲೂಕಿನ ಚೋರನೂರಿನಂಥ ಹೋಬಳಿ ಊರಲ್ಲಿ ಪಟ್ಟಿ ಎತ್ತುವುದು ಹೊಸದೇನಲ್ಲ. ಗುಡಿಯ ಜೀರ್ಣೋದ್ಧಾರ, ಜಾತ್ರೆಯ ದಾಸೋಹ, ಶಾಲೆಯ ಕಾಂಪೌಂಡು, ಯಾರದೋ ಮನೆಯ ಆಸ್ಪತ್ರೆ ಖರ್ಚು ಹೀಗೆ ಕಾರಣ ಯಾವುದಿದ್ದರೂ ನಾಲ್ಕು ಜನ ಹಿರಿಯರು ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತುತ್ತಿದ್ದರು. ಕೊಟ್ಟವರ ಕೈಗೆ ಚೀಟಿ, ಪುಸ್ತಕದಲ್ಲಿ ಅದರ ಪ್ರತಿ, ಕೊನೆಗೆ ಕಟ್ಟೆಯ ಮೇಲೆ ಕೂತು ಎಲ್ಲರೆದುರು ಲೆಕ್ಕ ಓದುವುದು. ಈಗ ಊರಿನ ಮಕ್ಕಳು ತೋರಣಗಲ್ಲಿನ ಕಾರ್ಖಾನೆಯಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ, ಕಡಲಾಚೆಗೂ ಹೋಗಿದ್ದಾರೆ. ಪಟ್ಟಿಯೂ ಅವರ ಹಿಂದೆಯೇ ವಾಟ್ಸ್ಆ್ಯಪ್ ಗುಂಪಿಗೆ ಹೋಗಿದೆ. ಒಂದು ಕ್ಯೂಆರ್ ಕೋಡ್ ಚಿತ್ರ, ಕೆಳಗೆ ಒಂದು ಫೋನ್ ನಂಬರ್, ಅಷ್ಟೇ. ದುಡ್ಡು ಬೇಗ ಬರುತ್ತದೆ, ನಿಜ. ಆದರೆ ಚೀಟಿ, ಪ್ರತಿ, ಲೆಕ್ಕ ಓದುವುದು, ಈ ಮೂರಕ್ಕೂ ಹೊಸ ವ್ಯವಸ್ಥೆಯಲ್ಲಿ ಜಾಗ ಎಲ್ಲಿದೆ ಎಂದು ಕೇಳಿಕೊಂಡವರು ಕಡಿಮೆ.

ಕೊಟ್ಟದ್ದರ ಲೆಕ್ಕವನ್ನು ಎಲ್ಲರೆದುರು ಇಡುವುದು ನಮ್ಮಲ್ಲಿ ಹಳೆಯ ರೂಢಿ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಬಳಿ ಕೃಷ್ಣದೇವರಾಯನ ಕಾಲದ, 1510ರ ಸುಮಾರಿನ ಶಾಸನವಿದೆ. ಯಾರು ಕೊಟ್ಟರು, ಯಾವ ದೇವರಿಗೆ, ಏನನ್ನು ಕೊಟ್ಟರು ಎಂಬುದೆಲ್ಲ ಅದರಲ್ಲಿ ದಾಖಲಾಗಿದೆ. ಹೋಗಿಬರುವವರೆಲ್ಲ ಓದಬಹುದು, ಯಾರಿಂದಲೂ ಗುಟ್ಟಾಗಿ ತಿದ್ದಲಾಗದು. ಆನ್‌ಲೈನ್ ದೇಣಿಗೆಯ ತಂತ್ರಜ್ಞಾನದಿಂದ ನಾವು ಕೇಳಬೇಕಾದ್ದೂ ಇಷ್ಟನ್ನೇ.

ಮೊದಲು ದಾರಿ ನೋಡೋಣ. ಚೋರನೂರಿನ ಶಾಲೆಗೆ ಕಂಪ್ಯೂಟರ್ ಕೊಡಿಸಲು ಹಳೆಯ ವಿದ್ಯಾರ್ಥಿಗಳ ಸಂಘವೊಂದು ದೇಣಿಗೆ ಕೇಳಿದೆ ಎಂದುಕೊಳ್ಳಿ. ನೀವು 500 ರೂಪಾಯಿ ಹಾಕಿ ಪಿನ್ ಒತ್ತುತ್ತೀರಿ. ಆ ಕ್ಷಣದಲ್ಲಿ ನಿಮ್ಮ ಆ್ಯಪ್ ತನ್ನ ಬೆನ್ನಿಗಿರುವ ಬ್ಯಾಂಕಿಗೆ ಹೇಳುತ್ತದೆ. ಅದು ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ನಡೆಸುವ ಯುಪಿಐ ಕೇಂದ್ರಕ್ಕೆ ಹೇಳುತ್ತದೆ. ಆ ಕೇಂದ್ರ ನಿಮ್ಮ ಖಾತೆಯ ಬ್ಯಾಂಕಿಗೆ ದುಡ್ಡು ಕಳೆಯಲು, ಸಂಘದ ಬ್ಯಾಂಕಿಗೆ ಜಮಾ ಮಾಡಲು ಸೂಚಿಸುತ್ತದೆ. ಸಂಘದ ಪರವಾಗಿ ಪಾವತಿ ಪಡೆದು ತಲುಪಿಸುವ ಪೇಮೆಂಟ್ ಗೇಟ್‌ವೇ ಬಳಸಿದ್ದರೆ ಅದು ನಡುವಿನ ಇನ್ನೊಂದು ಮನೆ. ಕೊನೆಗೆ ಗೇಟ್‌ವೇಯ ಕಂಪ್ಯೂಟರ್ ಸಂಘದ ಕಂಪ್ಯೂಟರಿಗೆ ‘ಇಂಥವರಿಂದ 500 ಬಂತು’ ಎಂದು ಸಂದೇಶ ಕಳಿಸಬೇಕು. ಆಗ ಮಾತ್ರ ರಸೀದಿ ಹುಟ್ಟುತ್ತದೆ. 2016ರ ಏಪ್ರಿಲ್‌ನಲ್ಲಿ ಆರಂಭವಾದ ಯುಪಿಐ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವ್ಯವಹಾರ ದಾಟಿತು. ಅಷ್ಟೊಂದು ಸಲ ಈ ಓಟ ಕೆಲವೇ ಸೆಕೆಂಡುಗಳಲ್ಲಿ ನಡೆದು ಮುಗಿಯುತ್ತದೆಂಬುದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಈ ದಾರಿಯ ಯಾವ ಮನೆಯಲ್ಲಾದರೂ ಉತ್ತರ ತಡವಾಗಬಹುದು. ಸಂಡೂರಿನ ಗುಡ್ಡಗಳ ಮರೆಯಲ್ಲಿ ಸಿಗ್ನಲ್ ಬಂದು ಹೋಗುವ ಜಾಗದಲ್ಲಂತೂ ಅದು ದಿನದ ಮಾತು. ‘500 ರೂ. ಕಡಿತವಾಗಿದೆ’ ಎಂದು ಬ್ಯಾಂಕಿನ ಮೆಸೇಜ್ ಬಂದಿರುತ್ತದೆ, ಪರದೆಯ ಮೇಲೆ ಚಕ್ರ ಇನ್ನೂ ತಿರುಗುತ್ತಿರುತ್ತದೆ. ಆಯಿತು, ಆಗಲಿಲ್ಲ ಎಂಬ ಎರಡು ಸ್ಥಿತಿಗಳನ್ನಷ್ಟೇ ನಾವು ಎಣಿಸುತ್ತೇವೆ. ‘ಇನ್ನೂ ಗೊತ್ತಿಲ್ಲ’ ಎಂಬ ಮೂರನೆಯ ಸ್ಥಿತಿಯೊಂದಿದೆ. ನಂಬಿಕೆಯ ವ್ಯವಸ್ಥೆಗೂ ಕಾಟಾಚಾರದ ವ್ಯವಸ್ಥೆಗೂ ವ್ಯತ್ಯಾಸ ಕಾಣುವುದು ಇಲ್ಲಿಯೇ. ಕಾಟಾಚಾರದ್ದು ಆತುರಪಟ್ಟು ‘ವಿಫಲ, ಮತ್ತೆ ಪ್ರಯತ್ನಿಸಿ’ ಎನ್ನುತ್ತದೆ. ದಾನಿ ಮತ್ತೆ ಒತ್ತುತ್ತಾನೆ, ಎರಡು ಸಲ ದುಡ್ಡು ಹೋಗುತ್ತದೆ. ಹೀಗೆ ಒಮ್ಮೆ ಸಿಕ್ಕಿಬಿದ್ದವನು ಮುಂದಿನ ವರ್ಷ ಆ ಲಿಂಕ್ ತೆರೆಯುವುದಿಲ್ಲ. ಒಳ್ಳೆಯ ವ್ಯವಸ್ಥೆ ದಾನಿ ಪುಟ ತೆರೆದ ಕೂಡಲೇ ಆ ದೇಣಿಗೆಗೊಂದು ಆರ್ಡರ್ ಸಂಖ್ಯೆ ಕೊಟ್ಟಿರುತ್ತದೆ. ಗುಂಡಿ ಹತ್ತು ಸಲ ಒತ್ತಿದರೂ ಆ ಸಂಖ್ಯೆಗೆ ಒಂದೇ ಪಾವತಿ ಲೆಕ್ಕ. ಉತ್ತರ ಬರದಿದ್ದರೆ ‘ಬ್ಯಾಂಕಿನಿಂದ ಖಚಿತವಾಗಿಲ್ಲ, ಮತ್ತೆ ಕಟ್ಟಬೇಡಿ, ತಿಳಿದ ಕೂಡಲೇ ಮೆಸೇಜ್ ಬರುತ್ತದೆ’ ಎಂದು ಕನ್ನಡದಲ್ಲಿ ಹೇಳುತ್ತದೆ. ಆಮೇಲೆ ತಾನೇ ತಡೆತಡೆದು ವಿಚಾರಿಸುತ್ತದೆ.

ತಡೆತಡೆದು ಎಂದದ್ದಕ್ಕೆ ಕಾರಣವಿದೆ. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ತೊದಲಿತು. ಕೆಲವು ಬ್ಯಾಂಕುಗಳ ಕಂಪ್ಯೂಟರುಗಳು ಹಳೆಯ ವ್ಯವಹಾರಗಳ ಬಗ್ಗೆಯೂ ‘ಏನಾಯಿತು, ಏನಾಯಿತು’ ಎಂದು ಬಿಡದೆ ಕೇಳಿದ ಪ್ರಶ್ನೆಗಳ ಭಾರವೇ ಅದಕ್ಕೆ ಮುಖ್ಯ ಕಾರಣ ಎಂದು ಆಮೇಲೆ ಕಂಡುಬಂತು. ಪಾವತಿಗಿಂತ ವಿಚಾರಣೆಯೇ ಹೆಚ್ಚಾಗಿ ರಸ್ತೆ ಕಟ್ಟಿಕೊಂಡಿತು. ಸಾವಿರ ಜನ ಒಟ್ಟಿಗೆ ದೇಣಿಗೆ ಕೊಡುವ ದಿನ ನಮ್ಮದೇ ಪುಟ ಇಂಥ ಕೆಲಸ ಮಾಡದಂತೆ ಬರೆದಿರಬೇಕು.

ದೇಣಿಗೆಗೆ ಅಂಗಡಿ ವ್ಯಾಪಾರದ ಹದ ಇರುವುದಿಲ್ಲ. ತಿಂಗಳುಗಟ್ಟಲೆ ಯಾರೂ ಬರುವುದಿಲ್ಲ. ನೆರೆ ಬಂದಾಗ, ಟಿವಿಯಲ್ಲಿ ಸುದ್ದಿಯಾದಾಗ, ಸಿನಿಮಾ ನಟರೊಬ್ಬರು ಮನವಿ ಮಾಡಿದಾಗ ಒಂದೇ ಗಂಟೆಯಲ್ಲಿ ಸಾವಿರಾರು ಜನ ನುಗ್ಗುತ್ತಾರೆ. 2016ರ ಮೇ 3ರಂದು ಅಮೆರಿಕದ ಹತ್ತಾರು ಊರುಗಳು ‘ಗಿವ್ ಲೋಕಲ್ ಅಮೆರಿಕ’ ಎಂಬ ಒಂದು ದಿನದ ದೇಣಿಗೆ ಅಭಿಯಾನ ನಡೆಸಿದವು. ಅವೆಲ್ಲ ಕಿಂಬಿಯಾ ಎಂಬ ಒಂದೇ ಕಂಪನಿಯ ವ್ಯವಸ್ಥೆಯನ್ನು ನಂಬಿದ್ದವು. ಅಂದೇ ಅದು ಕುಸಿಯಿತು. ಇಡೀ ವರ್ಷ ತಯಾರಾಗಿದ್ದ ಸಂಸ್ಥೆಗಳು ಆ ದಿನ ಕೈಕಟ್ಟಿ ಕೂರಬೇಕಾಯಿತು, ಕೆಲವರು ಅಭಿಯಾನವನ್ನು ಮರುದಿನಕ್ಕೂ ಮುಂದುವರಿಸಿದರು. ಒಂದೇ ಕಂಬಕ್ಕೆ ಭಾರ ಹಾಕಬಾರದೆಂಬುದು ಆ ದಿನದ ಪಾಠ. ಎರಡನೇ ಗೇಟ್‌ವೇ ಸಿದ್ಧವಿರಲಿ, ಅದೂ ಸಾಗದಿದ್ದರೆ ಟ್ರಸ್ಟಿನ ಬ್ಯಾಂಕ್ ಖಾತೆಯ ವಿವರ ಪುಟದಲ್ಲೇ ಕಾಣುತ್ತಿರಲಿ. ಪುಟ ಹಗುರವಾಗಿರಲಿ, ದೊಡ್ಡ ವಿಡಿಯೊ, ಫೋಟೊ ತುಂಬಿ ಹಳೆಯ ಫೋನಿನಲ್ಲಿ ತೆರೆಯದಂತೆ ಮಾಡಬೇಡಿ. ಸ್ಮಾರ್ಟ್‌ಫೋನ್ ಇಲ್ಲದವರಿಗೂ 2022ರ ಮಾರ್ಚ್‌ನಿಂದ ಯುಪಿಐ 123ಪೇ ಇದೆ. ಕೀಪ್ಯಾಡ್ ಫೋನಿನಿಂದಲೇ ಕರೆ ಮಾಡಿ ದುಡ್ಡು ಕಳಿಸಬಹುದು ಎಂಬುದನ್ನು ನಮ್ಮ ಸಂಘಗಳು ತಿಳಿಸುವುದೇ ಇಲ್ಲ.

ತಿಂಗಳ ದೇಣಿಗೆಯದು ಬೇರೆಯೇ ಕಥೆ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುತ್ತ ಶುರುವಾದ ಅಕ್ಷಯ ಪಾತ್ರೆಯಂಥ ಸಂಸ್ಥೆಗೆ ಒಮ್ಮೆ ಬರುವ ದೊಡ್ಡ ಮೊತ್ತದಷ್ಟೇ ತಪ್ಪದೆ ಬರುವ ಸಣ್ಣ ಮೊತ್ತವೂ ಬೇಕು, ಮಕ್ಕಳ ಹಸಿವು ದಿನವೂ ಇರುತ್ತದಲ್ಲ. 2021ರ ಅಕ್ಟೋಬರ್ 1ರಂದು ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾದಾಗ ಇಂಥ ಎಷ್ಟೋ ಆಟೊ ಡೆಬಿಟ್‌ಗಳು ನಿಂತುಹೋದವು. ನಿಯಮ ಸರಿಯಾದದ್ದೇ. ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕೆನ್ನುವುದು ದಾನಿಯ ಹಕ್ಕು. ಆದರೆ ನಿಂತ ಪಾವತಿಯನ್ನು ಗುರುತಿಸಿ ದಾನಿಗೆ ಫೋನ್ ಮಾಡಿ ಹೇಳುವ ಏರ್ಪಾಡು ಇಲ್ಲದಿದ್ದರೆ ಅಂಥ ದೇಣಿಗೆ ಸದ್ದಿಲ್ಲದೆ ಕೈತಪ್ಪುತ್ತದೆ.

ಇನ್ನು ಮೋಸ. 2020ರ ಮಾರ್ಚ್ ಕೊನೆಗೆ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಬೆನ್ನಿಗೇ ಅದರ ಯುಪಿಐ ವಿಳಾಸದಲ್ಲಿನ ‘ಕೇರ್ಸ್’ನಿಂದ ‘ಎಸ್’ ಅಕ್ಷರ ಬಿಟ್ಟ ನಕಲಿ ವಿಳಾಸ ಹುಟ್ಟಿಕೊಂಡಿತು. ಕ್ಯೂಆರ್ ಚಿತ್ರವನ್ನು ಬದಲಿಸಿ ಮತ್ತೆ ಹಂಚುವುದು ಇನ್ನೂ ಸುಲಭ, ಕಣ್ಣಿಗೆ ಎಲ್ಲ ಚೌಕಗಳೂ ಒಂದೇ. ಪಿನ್ ಒತ್ತುವ ಮುನ್ನ ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ಆ್ಯಪ್ ತೋರಿಸಬೇಕೆಂದು 2025ರಲ್ಲಿ ಎನ್‌ಪಿಸಿಐ ಕಡ್ಡಾಯ ಮಾಡಿತು. ಅಲ್ಲಿ ಟ್ರಸ್ಟಿನ ಹೆಸರು ಕಾಣಬೇಕು. ಕಾರ್ಯದರ್ಶಿಯ ಹೆಸರು ಕಂಡರೆ, ಆತ ಎಷ್ಟೇ ಒಳ್ಳೆಯವನಾಗಿರಲಿ, ನಿಲ್ಲಿಸಿ. ಊರ ದುಡ್ಡು ಒಬ್ಬರ ಸ್ವಂತ ಖಾತೆಗೆ ಬೀಳುವುದು ಆತನಿಗೂ ಅಪಾಯ. ನಾಳೆ ಲೆಕ್ಕ ಕೇಳಿದಾಗ ಮನೆಯ ದುಡ್ಡು, ಊರ ದುಡ್ಡು ಬೇರೆ ಮಾಡಿ ತೋರಿಸಲು ಅವನಿಂದಾಗದು.

ದಾನಿಗಳ ವಿವರವೂ ದುಡ್ಡಿನಷ್ಟೇ ಜೋಪಾನ ಮಾಡಬೇಕಾದ್ದು. ಜಗತ್ತಿನ ಸಾವಿರಾರು ಸಂಸ್ಥೆಗಳ ದಾನಿಗಳ ಪಟ್ಟಿ ಇಟ್ಟುಕೊಂಡಿದ್ದ ಅಮೆರಿಕದ ಬ್ಲ್ಯಾಕ್‌ಬಾಡ್ ಕಂಪನಿಗೆ 2020ರಲ್ಲಿ ಕನ್ನ ಬಿತ್ತು. ನಮ್ಮಲ್ಲಿ ತೆರಿಗೆ ವಿನಾಯಿತಿಗಾಗಿ ದಾನಿಯ ಪ್ಯಾನ್ ಸಂಖ್ಯೆ ಪಡೆಯುತ್ತಾರೆ. ಅದನ್ನು ಎಕ್ಸೆಲ್ ಹಾಳೆಯಲ್ಲಿಟ್ಟು ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸಂಜೆಯ ತಾಳೆ. ಗೇಟ್‌ವೇ ಹೇಳುವ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕೊಟ್ಟ ರಸೀದಿಗಳು ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಗೇಟ್‌ವೇ ತನ್ನ ಶುಲ್ಕ ಮುರಿದುಕೊಂಡು ಒಂದೆರಡು ದಿನ ಬಿಟ್ಟು ಹಣ ಹಾಕುವುದರಿಂದ ಮೊತ್ತ ನೇರವಾಗಿ ಹೊಂದುವುದಿಲ್ಲ. ಪ್ರತಿ ಯುಪಿಐ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆ ಹಿಡಿದೇ ಹುಡುಕಬೇಕು. ಈ ಕೆಲಸಕ್ಕೆ ದೊಡ್ಡ ಸರ್ವರ್ ಬೇಡ. ಲೆಕ್ಕ ಬಲ್ಲ ಒಬ್ಬರು, ಅವರ ಮೇಲೆ ಕಣ್ಣಿಡುವ ಇನ್ನೊಬ್ಬರು ಸಾಕು.

ಇದನ್ನು ಜನರೆದುರೇ ಮಾಡಿ ತೋರಿಸಿದ ಉದಾಹರಣೆ ಪಕ್ಕದ ಕೇರಳದಲ್ಲಿದೆ. ಸೌದಿ ಅರೇಬಿಯಾದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೋಯಿಕ್ಕೋಡ್ ಜಿಲ್ಲೆಯ ವ್ಯಕ್ತಿಯೊಬ್ಬರನ್ನು ಬಿಡಿಸಲು 2024ರ ಏಪ್ರಿಲ್‌ನಲ್ಲಿ ಸುಮಾರು 34 ಕೋಟಿ ರೂಪಾಯಿ ಬೇಕಿತ್ತು. ದುಡ್ಡು ಕೂಡಿಸಲು ನಿಂತ ಸಮಿತಿ ಅದಕ್ಕೆಂದೇ ಒಂದು ಆ್ಯಪ್ ಮಾಡಿಸಿತು. ಬಂದ ಮೊತ್ತ ಎಲ್ಲರಿಗೂ ಕಾಣುತ್ತಿತ್ತು. ಗುರಿ ಹತ್ತಿರವಾದಾಗ ಲೆಕ್ಕ ನೋಡಲು ಸ್ವೀಕಾರ ನಿಲ್ಲಿಸಿದರು. ಗುರಿ ಮುಟ್ಟಿದ ಮೇಲೆ ಇನ್ನು ಕಳಿಸಬೇಡಿ ಎಂದರು. ಸಾಕು ಎನ್ನುವ ಗುಂಡಿಯೂ ವ್ಯವಸ್ಥೆಯ ಭಾಗವೇ ಎಂದು ಅವರಿಗೆ ಗೊತ್ತಿತ್ತು.

ನಮ್ಮ ಕಡೆಯ ಸಣ್ಣ ಸಂಘಗಳು ಸ್ವಂತ ಆ್ಯಪ್ ಕಟ್ಟಲು ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನೋಂದಾಯಿತ ಟ್ರಸ್ಟ್, ಅದರ ಹೆಸರಿನ ಖಾತೆ, ಸಿದ್ಧ ಗೇಟ್‌ವೇ ಅಥವಾ 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮಿಲಾಪ್‌ನಂಥ ವೇದಿಕೆ, ಜೊತೆಗೆ ಸಂಜೆಯ ತಾಳೆ ಇದ್ದರೆ ಸಾಕು. ಉಳಿದ ದುಡ್ಡು ಶಾಲೆಗೇ ಹೋಗಲಿ.

ಕೊಡುವವರು ಯುಟಿಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ರಸೀದಿ ಕೇಳಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ನಿಮ್ಮ ದುಡ್ಡು ಕಡಿತವಾಗಿ ಪಡೆಯುವ ಸಂಸ್ಥೆಗೆ ಪಾವತಿ ಖಚಿತವಾಗದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಿಗಬೇಕು. ಮೊದಲು ನಿಮ್ಮ ಬ್ಯಾಂಕಿಗೆ ದೂರು ಕೊಡಿ. 30 ದಿನದಲ್ಲಿ ದೂರು ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ವಿಚಾರಿಸಲು ಕರೆ ಮಾಡಬೇಕಾದ ಸಂಖ್ಯೆ 14448.