ಪೀಠ ಇಳಿದ ಮೇಲಿನ ಸೇವೆ

1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಮಿತ್ರರೊಡನೆ ಸಭೆ ಸೇರಿದರು. ಸರದಿಯಂತೆ ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ಸಭೆ ನಡೆಯುತ್ತಿದ್ದುದರಿಂದ ಸಂಸ್ಥೆಗೆ ರೋಟರಿ ಎಂಬ ಹೆಸರಾಯಿತು. ಸುತ್ತುವುದೇ ಅದರ ಹುಟ್ಟುಗುಣ. ನಮ್ಮ ಊರುಗಳ ಕ್ಲಬ್ಬುಗಳಲ್ಲಿಯೂ ಪ್ರತಿ ಜುಲೈ 1ಕ್ಕೆ ಅಧ್ಯಕ್ಷರು ಬದಲಾಗುತ್ತಾರೆ.

ಒಂದೇ ವರ್ಷದಲ್ಲಿ ಏನು ಸಾಧಿಸಲಾದೀತು ಎಂದು ಕೇಳುವವರುಂಟು. ಹಾರ ತುರಾಯಿಗಳಲ್ಲಿಯೇ ವರ್ಷ ಸವೆಯುವುದನ್ನು ನಾವೂ ಕಂಡಿದ್ದೇವೆ. ಆದರೆ ಪೋಲಿಯೋ ನಿರ್ಮೂಲನದ ಕಾರ್ಯವನ್ನು ನೋಡಿರಿ. ರೋಟರಿ 1985ರಲ್ಲಿ ಆ ಮಹಾಸಂಕಲ್ಪವನ್ನು ತೊಟ್ಟಿತು. ಭಾರತದ ಕೊನೆಯ ಪ್ರಕರಣ ಕಂಡುಬಂದುದು 2011ರ ಜನವರಿಯಲ್ಲಿ, ಹೌರಾ ಜಿಲ್ಲೆಯ ಹೆಣ್ಣುಮಗುವೊಂದರಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋಮುಕ್ತವೆಂದು ದೃಢಪಟ್ಟಿತು. ಹೆಚ್ಚಿನ ಭಾರವನ್ನು ಸರ್ಕಾರದ ಆರೋಗ್ಯ ಕಾರ್ಯಕರ್ತೆಯರು ಹೊತ್ತರೆಂಬುದು ನಿಜ. ಸ್ವಯಂಸೇವಕರು ಅವರ ಪಕ್ಕದಲ್ಲಿ ನಿಂತರು. ಈ ಅವಧಿಯಲ್ಲಿ ಹಳೆಯ ಕ್ಲಬ್ಬೊಂದರಲ್ಲಿ ಇಪ್ಪತ್ತೈದಕ್ಕೂ ಮಿಕ್ಕ ಅಧ್ಯಕ್ಷರು ಆಗಿಹೋಗಿರಬೇಕು. ಫಲ ಯಾವೊಬ್ಬರ ವರ್ಷಕ್ಕೂ ಸಲ್ಲಲಿಲ್ಲ!

ಆದುದರಿಂದ ನಾಯಕತ್ವದ ಪರೀಕ್ಷೆ ಪದಗ್ರಹಣದ ದಿನವಲ್ಲ, ಪೀಠ ಇಳಿದ ಮರುವರ್ಷ. ಅಧ್ಯಕ್ಷರಾಗಿದ್ದವರು ಲಸಿಕೆಯ ಭಾನುವಾರ ಬೂತಿನಲ್ಲಿ ಕುಳಿತು, ಹನಿ ಪಡೆದ ಕೂಸಿನ ಎಡಗೈ ಕಿರುಬೆರಳಿಗೆ ಶಾಯಿಯ ಗುರುತು ಹಾಕುವರೇ? ಅನೇಕರು ‘ಮಾಜಿ ಅಧ್ಯಕ್ಷ’ರೆಂಬ ಫಲಕವನ್ನು ಮನೆಬಾಗಿಲಿಗೆ ತೂಗುಹಾಕಿ ಸಭೆಗೆ ಬರುವುದನ್ನೇ ಬಿಡುತ್ತಾರೆ. ಇದು ನಮಗೆ ಸಲ್ಲದೆನಿಸುತ್ತದೆ. ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ರೋಗ ಇನ್ನೂ ಅಳಿದಿಲ್ಲ. ಆದುದರಿಂದ ನಮ್ಮಲ್ಲಿ ಹನಿ ಹಾಕುವ ಕೆಲಸವೂ ನಿಂತಿಲ್ಲ. ಮುಂದಿನ ಲಸಿಕೆಯ ದಿನವೂ ಬೂತಿಗೆ ಕೈಗಳು ಬೇಕು.