ತ್ಯಾಜ್ಯಜಲದ ವರದಿಯಲ್ಲಿ ಮೀನಿನ ಸಾಕ್ಷ್ಯ

ಪರಿಸರ (ಸಂರಕ್ಷಣೆ) ನಿಯಮಗಳು, 1986ರ ಆರನೆಯ ಅನುಸೂಚಿಯಲ್ಲಿ ಕೈಗಾರಿಕಾ ತ್ಯಾಜ್ಯಜಲಕ್ಕೆ ವಿಧಿಸಿರುವ ಮಿತಿಗಳ ಪೈಕಿ ಒಂದನ್ನು ಅಳೆಯುವ ಸಾಧನ ಮೀನು. ಬೇರೆ ನೀರನ್ನು ಬೆರೆಸದ ತ್ಯಾಜ್ಯಜಲದಲ್ಲಿ 96 ಗಂಟೆಗಳ ನಂತರ ಶೇಕಡ 90ರಷ್ಟು ಮೀನುಗಳು ಬದುಕಿರಬೇಕು. ಬಿಒಡಿ, ಸಿಒಡಿ ಅಂಕಿಗಳನ್ನಷ್ಟೇ ನೋಡಿ ವರದಿಯನ್ನು ಕಡತಕ್ಕೆ ಸೇರಿಸುವ ಉದ್ಯಮಿಗಳು ಈ ಸಾಲನ್ನು ಗಮನಿಸುವುದು ಅಪರೂಪ. ಇತರ ಎಲ್ಲ ಅಂಕಿಗಳೂ ಮಿತಿಯೊಳಗಿದ್ದಾಗಲೂ ಮೀನು ಸಾಯಬಹುದು ಎಂಬುದೇ ಇದರ ಮಹತ್ವ.

ಮೀನಿನ ಕಿವಿರು ಉಸಿರಾಟದ ಜೊತೆಗೆ ರಕ್ತದ ಲವಣಾಂಶವನ್ನೂ ಕಾಯುತ್ತದೆ. ನೀರಿನಲ್ಲಿ ಕರಗಿದ ತಾಮ್ರವು ಕಿವಿರು ಸೋಡಿಯಂ ಹೀರಿಕೊಳ್ಳುವುದನ್ನು ತಡೆಯುತ್ತದೆ. ಮೇಲ್ಮೈ ಜಲಕ್ಕೆ ಬಿಡುವ ನೀರಿನಲ್ಲಿ ತಾಮ್ರದ ಮಿತಿ ಲೀಟರಿಗೆ 3 ಮಿಲಿಗ್ರಾಂ. ಆದರೆ ಸುಣ್ಣದಂಶ ಕಡಿಮೆಯಿರುವ ಮೆದು ನೀರಿನಲ್ಲಿ 1 ಮಿಲಿಗ್ರಾಂಗಿಂತ ಕಡಿಮೆ ತಾಮ್ರವೂ ಮರಿಮೀನುಗಳನ್ನು ಕೊಲ್ಲಬಲ್ಲದು. ಸಯನೈಡ್ ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ಮಾಡುವುದರಿಂದ ಮೀನು ಆಮ್ಲಜನಕ ತುಂಬಿದ ನೀರಿನಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ.

ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ವಿಶೇಷವಾಗಿ ತಿಳಿಯಬೇಕಾದುದು ಸಂಸ್ಕರಣೆಯ ನಂತರ ಉಳಿಯುವ ರಾಸಾಯನಿಕಗಳ ವಿಷಯ. ಸಯನೈಡನ್ನು ನಾಶಪಡಿಸಲು ಹಾಕುವ ಹೈಪೋಕ್ಲೋರೈಟ್ ಅಗತ್ಯಕ್ಕಿಂತ ಹೆಚ್ಚಾದರೆ ಕ್ಲೋರಿನ್ ಉಳಿಯುತ್ತದೆ. ಇದರ ಮಿತಿ ಲೀಟರಿಗೆ 1 ಮಿಲಿಗ್ರಾಂ ಆಗಿದ್ದರೂ ಅದಕ್ಕಿಂತ ಬಹಳ ಕಡಿಮೆ ಪ್ರಮಾಣವೇ ಕಿವಿರನ್ನು ಸುಡುತ್ತದೆ. ಷಡ್ವೇಲೆನ್ಸಿ ಕ್ರೋಮಿಯಂನ ವಿಷತ್ವ ತಗ್ಗಿಸಲು ಬಳಸುವ ಸೋಡಿಯಂ ಮೆಟಾಬೈಸಲ್ಫೈಟ್ ಮಿಕ್ಕರೆ ನೀರಿನಲ್ಲಿರುವ ಆಮ್ಲಜನಕವನ್ನೇ ಹೀರಿಬಿಡುತ್ತದೆ. ಸಂಸ್ಕರಣಾ ತೊಟ್ಟಿಗೆ ಅಂದಾಜಿನಿಂದ ರಾಸಾಯನಿಕ ಸುರಿಯುವ ಅಭ್ಯಾಸ ಹಣವನ್ನೂ ಮೀನನ್ನೂ ಒಟ್ಟಿಗೆ ಕಳೆಯುವ ಮಾರ್ಗ. ಕೊನೆಯ ತೊಟ್ಟಿಯಲ್ಲಿ ಕ್ಲೋರಿನ್ ಪರೀಕ್ಷಿಸಿ, ಉಳಿದಿದ್ದರೆ ಅಳತೆಯ ಹೈಪೋದಿಂದ ಅದನ್ನು ತಟಸ್ಥಗೊಳಿಸಿ, ಗಾಳಿ ಹಾಯಿಸಿದ ಮೇಲೆ ನೀರನ್ನು ಹೊರಬಿಡುವುದು ಉಚಿತ.

ಅಮೋನಿಯದ ಸ್ವಭಾವ ಇನ್ನೂ ವಿಚಿತ್ರ. ನೀರಿನ ಕ್ಷಾರತೆ ಮತ್ತು ಉಷ್ಣತೆ ಏರಿದಂತೆ ಹೆಚ್ಚು ನಿರುಪದ್ರವಿಯಾದ ಅಮೋನಿಯಂ ವಿಷಕಾರಿ ಅಮೋನಿಯವಾಗಿ ಮಾರ್ಪಡುತ್ತದೆ. ಲೋಹಗಳನ್ನು ತಳಕ್ಕಿಳಿಸಲು ಸುಣ್ಣ ಹಾಕಿದ ನೀರಿನಲ್ಲಿ ನಡೆಯುವುದೂ ಇದೇ.

ಆಹಾರ ಸಂಸ್ಕರಣೆ, ಡಿಸ್ಟಿಲರಿಯಂತಹ ಉದ್ಯಮಗಳ ತ್ಯಾಜ್ಯದಲ್ಲಿ ವಿಷವೇ ಇರಬೇಕೆಂದಿಲ್ಲ. ಸಾವಯವ ಪದಾರ್ಥವನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ತೀರಿಸುತ್ತವೆ. ರಾತ್ರಿ ಪಾಚಿಯೂ ಅದನ್ನು ಬಳಸುವುದರಿಂದ ಕೆರೆಯಲ್ಲಿ ಆಮ್ಲಜನಕ ಅತಿ ಕಡಿಮೆಯಾಗುವುದು ಬೆಳಗಿನ ಜಾವದಲ್ಲಿ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ, ಕೊಳಚೆ ನೀರು ಮತ್ತು ಆಮ್ಲಜನಕದ ಕೊರತೆ ಚರ್ಚೆಗೆ ಬಂದಿದ್ದವು.

ಮೀನು ಬದುಕಿತೆಂದ ಮಾತ್ರಕ್ಕೆ ಕೆರೆ ಕ್ಷೇಮವೆನ್ನಲಾಗದು. ಅದರ ಆಹಾರವಾದ ನೀರುಚಿಗಟದಂತಹ ಸೂಕ್ಷ್ಮಜೀವಿಗಳು ತಾಮ್ರಕ್ಕೆ ಮೀನಿಗಿಂತ ಬೇಗ ಬಲಿಯಾಗುತ್ತವೆ. 96 ಗಂಟೆಗಳ ಪರೀಕ್ಷೆಗೆ ಅದು ಕಾಣುವುದಿಲ್ಲ.