ಹೂಡೆಗೆ ಬಂತು ಹಳೆ ಜೀಪು: ಶೋಕಿಗೋ, ದುಡಿಮೆಗೋ?

ಹೂಡೆ: ಸಂಜೆ ಬಸ್ಸಿಗೆ ಕಾಯುವ ಮಂದಿಗೆ ಮಾತಾಡಲು ಒಂದು ವಿಷಯ ಬೇಕು. ಮೀನಿನ ರೇಟು, ಮಳೆ, ಯಾರ ಮನೆಯ ಮದುವೆ ಎಲ್ಲಿ ಎಂಬುದೆಲ್ಲ ಮುಗಿದ ಮೇಲೆ ಈಗ ಪೇಟೆಯಲ್ಲಿ ಚಾಲ್ತಿಯಲ್ಲಿರುವ ಸುದ್ದಿ ಒಂದೇ. ದಿನಸಿ ಅಂಗಡಿಯ ಸಾಹೇಬ್ರು ಹಳೆ ಜೀಪು ತೆಗೆದದ್ದು!

"ಈ ಪ್ರಾಯದಲ್ಲಿ ಇವರಿಗೆ ಎಂತ ಶೋಕಿ ಮಾರಾಯ್ರೆ?" ಎಂದು ಕೇಳಿದವರು ಉಂಟು. "ಹಳೆ ಕಾಲದ ಗಟ್ಟಿ ಗಾಡಿ, ಈಗಿನ ತಗಡು ಡಬ್ಬಿಯ ಹಾಗಲ್ಲ" ಎಂದು ಅವರ ಪರ ವಹಿಸಿದವರೂ ಉಂಟು. ನಿಜ ಸಂಗತಿ ಬೇರೆಯೇ. ಆದಿ ಉಡುಪಿ ಮಾರ್ಕೆಟಿನಿಂದ ಅಂಗಡಿಗೆ ಸಾಮಾನು ಬರಬೇಕು. ವಾರಕ್ಕೆರಡು ಸಲ ವಯಸ್ಸಾದ ತಾಯಿಯನ್ನು ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಮುಟ್ಟಿಸಬೇಕು. ಹೊಸ ಗಾಡಿಗೆ ಬ್ಯಾಂಕಿನ ಕಂತು ಕಟ್ಟುವ ಮನಸ್ಸಿಲ್ಲ. ಹಾಗಾಗಿ ಜೀಪು.

ಯುದ್ಧದಿಂದ ಬಂದದ್ದು

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಸೈನ್ಯಕ್ಕೆ ಮಾಡಿ ಕೊಟ್ಟವು. ನಮ್ಮ ದೇಶದಲ್ಲಿ 1945ರಲ್ಲಿ ಆರಂಭವಾದ ಮಹೀಂದ್ರ ಕಂಪೆನಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಬೊಂಬಾಯಿಯಲ್ಲಿ ಜೋಡಿಸತೊಡಗಿತು. ಕಾಲಕ್ರಮದಲ್ಲಿ ಇಲ್ಲೇ ತಯಾರಿಕೆ ಸುರುವಾಯಿತು. ಕಾಫಿ ತೋಟ, ಪೊಲೀಸ್ ಠಾಣೆ, ಅರಣ್ಯ ಇಲಾಖೆ, ಘಟ್ಟದ ಸರ್ವಿಸ್ ಜೀಪು... ಈ ಗಾಡಿ ಓಡದ ಜಾಗ ಇಲ್ಲ. 1980ರ ದಶಕದಲ್ಲಿ ಪ್ಯೂಜೋ ಡೀಸೆಲ್ ಎಂಜಿನಿನ ಎಂಎಂ 540 ಬಂತು. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಇಂದು "ಹಳೆ ಜೀಪು ಬೇಕು" ಎನ್ನುವವರು ಹುಡುಕುವುದು ಹೆಚ್ಚಾಗಿ ಇವುಗಳನ್ನೇ.

ಮೂರು ತಿಂಗಳು, ಮೂರು ಜೀಪು

ಸಾಹೇಬ್ರು ಹುಡುಕಾಟಕ್ಕೆ ಹೊರಟಾಗ ಜತೆಗೆ ಗ್ಯಾರೇಜಿನ ಆಚಾರ್ರನ್ನು ಕರಕೊಂಡು ಹೋದದ್ದೇ ಬುದ್ಧಿವಂತಿಕೆ. ಮೊದಲು ಕಂಡದ್ದು ಘಟ್ಟದ ಮೇಲಿನ ತೋಟದ ಪೆಟ್ರೋಲ್ ಜೀಪು. ಪಳಪಳ ಹೊಳೆಯುವ ಹಸಿರು ಬಣ್ಣ. ಸಾಹೇಬ್ರಿಗೆ ಅಲ್ಲೇ ಮನಸ್ಸು ಕೂತಿತು. ಆಚಾರ್ರು ಕಿಸೆಯಿಂದ ಒಂದು ಸಣ್ಣ ಅಯಸ್ಕಾಂತ ತೆಗೆದು ಬಾಡಿಗೆ ಹಿಡಿದರು. ಅಂಟಲಿಲ್ಲ!

"ಸಾಹೇಬ್ರೆ, ಇಲ್ಲಿ ತಗಡು ಇಲ್ಲ. ಬರೀ ಪುಟ್ಟಿ ಉಂಟು. ಬಣ್ಣ ನೋಡಿ ಮದುವೆ ಆದ ಹಾಗೆ ಆದೀತು."

ಬಾಡಿಯ ತಗಡು ಹೋದರೆ ಹೊಸತು ಕೂರಿಸಬಹುದು. ಕೆಳಗಿನ ಚಾಸಿಗೆ ತುಕ್ಕು ಹಿಡಿದರೆ ಮಾತ್ರ ಕಷ್ಟ. ಜೀಪಿನ ಬೆನ್ನೆಲುಬೇ ಅದು. ಅಡಿಗೆ ಮಲಗಿ, ಸುತ್ತಿಗೆಯಲ್ಲಿ ತಟ್ಟಿ, ಬೆಸುಗೆಯ ಗುರುತು ಹುಡುಕದೆ ಅಡ್ವಾನ್ಸ್ ಕೊಡುವುದೇ ಅಲ್ಲ ಎಂಬುದು ಆಚಾರ್ರ ಪಾಠ.

ಎರಡನೆಯದು ಮಿಲಿಟರಿ ಹರಾಜಿನದ್ದು ಎಂದು ದಲ್ಲಾಳಿ ಹೇಳಿದ ಗಾಡಿ. ಓಡಿಸಿದರೆ ಬೆಣ್ಣೆ. ಆರ್‌ಸಿ ಬಿಡಿಸಿ ನೋಡಿದರೆ ಅದರಲ್ಲಿ "ಪೆಟ್ರೋಲ್", ಬಾನೆಟಿನ ಅಡಿಯಲ್ಲಿ ಡೀಸೆಲ್ ಎಂಜಿನ್! "ಅದೆಲ್ಲ ಆಮೇಲೆ ಸರಿ ಮಾಡುವ" ಎಂದ ದಲ್ಲಾಳಿ. ಸರಿ ಆಗುವಂಥದ್ದಲ್ಲ. ಆರ್‌ಟಿಓ ಒಪ್ಪಿಗೆ ಇಲ್ಲದೆ ಗಾಡಿಯ ಮೂಲರೂಪ ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಈ ವಿಷಯದಲ್ಲಿ ಕಟ್ಟುನಿಟ್ಟಿನ ತೀರ್ಪು ಕೊಟ್ಟಿದೆ. ನಾಳೆ ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಎಂಜಿನ್ ನಂಬರು, ಚಾಸಿ ನಂಬರು. ಒಂದು ಗಾಡಿಯ ಕಾಗದ, ಇನ್ನೊಂದರ ಚಾಸಿ, ಮೂರನೆಯದರ ಎಂಜಿನ್ ಸೇರಿಸಿದ ಜೀಪು ಕೊಂಡರೆ ಬೀದಿಗೆ ಬೀಳುವುದು ಕೊಂಡವನೇ.

ಐವತ್ತು ದಾಟಿದರೆ?

ಪೇಟೆಯಲ್ಲಿ ಒಬ್ಬರು ಸಲಹೆ ಕೊಟ್ಟರು: "ಐವತ್ತು ವರ್ಷ ದಾಟಿದ್ದನ್ನೇ ತೆಗೀರಿ. ವಿಂಟೇಜ್ ಅಂತ ರಿಜಿಸ್ಟರ್ ಮಾಡಿ, ಹತ್ತು ವರ್ಷ ತಲೆಬಿಸಿ ಇಲ್ಲ."

ಅರ್ಧ ಮಾತು ನಿಜ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ತಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ನೋಂದಣಿ ಉಂಟು. ಫೀಸು 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹಾಗೆ ನೋಂದಣಿಯಾದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ! ಪ್ರದರ್ಶನ, ರ‍್ಯಾಲಿ, ರಿಪೇರಿ, ಎಣ್ಣೆ ತುಂಬಿಸುವುದು, ಇಷ್ಟಕ್ಕೇ ಸೈ. ಅಕ್ಕಿ ಮುಡಿ ಹೇರಿಕೊಂಡು ಬರುವವರಿಗೆ ಅದು ಹೇಳಿದ್ದಲ್ಲ.

ದಿನಾ ಓಡಿಸುವವರಿಗೆ ಮಾಮೂಲಿ ನೋಂದಣಿಯೇ ಗತಿ. 15 ವರ್ಷ ಕಳೆದ ಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರು-ಜೀಪುಗಳಿಗೆ 10,000ಕ್ಕೆ ಏರಿತು. ಹಸಿರು ತೆರಿಗೆ ಬೇರೆ. ಹೊರ ರಾಜ್ಯದ ಗಾಡಿಯಾದರೆ ಅಲ್ಲಿಯ ಎನ್‌ಓಸಿ, ಇಲ್ಲಿಯ ತೆರಿಗೆ ಎರಡೂ ಲೆಕ್ಕಕ್ಕೆ ಸೇರಬೇಕು.

ಎಣ್ಣೆಯ ಲೆಕ್ಕ

ಅಂಗಡಿಯವರು ಲೆಕ್ಕ ಬಿಡುತ್ತಾರೆಯೇ? ಹೂಡೆಯಿಂದ ಉಡುಪಿಗೆ ಹೋಗಿ ಬರುವುದಕ್ಕೆ ಹತ್ತಿರ ಹತ್ತಿರ 24 ಕಿಲೋಮೀಟರು. ಹಳೆ ಪೆಟ್ರೋಲ್ ಜೀಪು ಲೀಟರಿಗೆ 8 ಕಿ.ಮೀ. ಕೊಟ್ಟರೆ ಪುಣ್ಯ. ಲೀಟರಿಗೆ ನೂರು ರೂಪಾಯಿಯೆಂದೇ ಹಿಡಿದರೂ ದಿನಕ್ಕೆ 300, ತಿಂಗಳ 26 ದಿನಕ್ಕೆ 7,800! ಡೀಸೆಲ್ ಜೀಪು 12 ಕಿ.ಮೀ. ಕೊಟ್ಟರೆ ದಿನಕ್ಕೆ ಎರಡು ಲೀಟರ್ ಸಾಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಹಳೆ ಗಾಡಿಯ ರಬ್ಬರ್ ಪೈಪು, ವಾಷರುಗಳ ಮೇಲೂ ಒಂದು ಕಣ್ಣಿಡಬೇಕು. ಬಸ್ಸಿನ ಟಿಕೇಟಿಗೆ ಹೋಲಿಸಿದರೆ ಎರಡೂ ದುಬಾರಿಯೇ. ಬಸ್ಸಿನಲ್ಲಿ ನಿಂತುಕೊಂಡು ಈ ಸಾಲು ಓದುವವರು ಬೇಜಾರು ಮಾಡಬೇಕಾದ್ದಿಲ್ಲ!

ಉಪ್ಪುಗಾಳಿಯ ಊರು

ಹೂಡೆಯಿಂದ ಕೋಡಿ ಬೆಂಗ್ರೆಗೆ ಹೋಗುವಾಗ ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ ಹೊಳೆ. ನೋಡುವವರಿಗೆ ಚಂದ, ಕಬ್ಬಿಣಕ್ಕೆ ಶತ್ರು. "ಫೋರ್ ವೀಲ್ ಉಂಟಲ್ಲ" ಎಂದು ಮರಳಿಗಿಳಿಸಿ, ತೆರೆಗೆ ಚಕ್ರ ಒಡ್ಡಿ ಫೋಟೊ ತೆಗೆಸಿಕೊಂಡರೆ ಆ ಉಪ್ಪುನೀರು ಚಾಸಿಯ ಸಂದಿಯಲ್ಲಿ ಕೂತು ತಿನ್ನುತ್ತದೆ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅಡಿ ತೊಳೆಯಬೇಕು. ಮಳೆಗಾಲಕ್ಕೆ ಮೊದಲು ಅಡಿಗೆ ತುಕ್ಕುನಿರೋಧಕ ಬಣ್ಣ ಹೊಡೆಸಬೇಕು. ಬ್ರೇಕು ನಾಲ್ಕು ಚಕ್ರಕ್ಕೂ ಹಳೆ ಡ್ರಮ್ ಬ್ರೇಕೇ ಆದರೆ, ನೀರಿನಲ್ಲಿ ದಾಟಿದ ಕೂಡಲೇ ಹಿಡಿತ ಕಮ್ಮಿ. ಸಂತೆಕಟ್ಟೆಯ ಹೈವೇಯಲ್ಲಿ ಹೊಸ ಕಾರುಗಳ ಜತೆ ಪೈಪೋಟಿಗೆ ಹೋಗುವ ಗಾಡಿ ಇದಲ್ಲ.

ಅಮ್ಮನ ಪರೀಕ್ಷೆ

ಕೊನೆಗೆ ಸಿಕ್ಕಿದ್ದು 1990ರ ದಶಕದ ಎಂಎಂ 540. ಬಣ್ಣ ಮಾಸಿದೆ, ಸೀಟು ಹರಿದಿದೆ. ಆದರೆ ಒಬ್ಬರೇ ಮಾಲಕರು, ಚಾಸಿ ಗಟ್ಟಿ, ನಂಬರುಗಳೆಲ್ಲ ಕಾಗದಕ್ಕೆ ತಾಳೆ. ಸಾಹೇಬ್ರು ಹಣ ಎಣಿಸಲು ಹೊರಟಾಗ ಆಚಾರ್ರು ತಡೆದರು.

"ನಿಲ್ಲಿ ಸಾಹೇಬ್ರೆ. ಮೊದಲು ಅಮ್ಮನನ್ನು ಕರ್ಕೊಂಡು ಬನ್ನಿ. ದಿನಾ ಕೂರುವವರು ಅವರಲ್ವಾ?"

ಕರಕೊಂಡು ಬಂದರು. ತಾಯಿಗೆ ಕಾಲು ಎತ್ತಲಿಕ್ಕೇ ಆಗಲಿಲ್ಲ. ಜೀಪು ಅಷ್ಟು ಎತ್ತರ! ಮೂರು ತಿಂಗಳಲ್ಲಿ ಯಾರಿಗೂ ಹೊಳೆಯದ ವಿಷಯ ಅದು. ಸಾಹೇಬ್ರ ಮುಖ ಸಪ್ಪೆಯಾಯಿತು. ಆಚಾರ್ರು ಅಳತೆ ತೆಗೆದು, ಬಾಗಿಲ ಬದಿಗೆ ತಗ್ಗಿನಲ್ಲಿ ಒಂದು ಮೆಟ್ಟಿಲು, ಕೈಯಲ್ಲಿ ಹಿಡಿಯಲು ಒಂದು ಸರಳು ಕೂರಿಸಿಕೊಟ್ಟರು. ಎರಡನೇ ಸಲ ತಾಯಿ ಹತ್ತಿ ಕೂತರು.

ಹಾಗೆಂದು ಪೂರ್ತಿ ಭರವಸೆ ಅದರ ಮೇಲೇ ಇಲ್ಲ. ಡಯಾಲಿಸಿಸ್ ದಿನ ಬೆಳಿಗ್ಗೆ ಜೀಪು ಸ್ಟಾರ್ಟ್ ಆಗದಿದ್ದರೆ? ಪಕ್ಕದ ರಿಕ್ಷಾದವನಿಗೆ ಮೊದಲೇ ಹೇಳಿ ಇಟ್ಟಿದ್ದಾರೆ. ಹಳೆ ಗಾಡಿ ನಂಬಿ ದಿನ ಕಳೆಯುವವರಿಗೆ ಬದಲಿ ದಾರಿ ಒಂದು ಇರಲೇಬೇಕು.

ಕ್ರಯ ಎಷ್ಟಾಯಿತೆಂದು ಕೇಳಿದರೆ ಸಾಹೇಬ್ರು ಬಾಯಿ ಬಿಡುವುದಿಲ್ಲ. ತಾಯಿ ಮಾತ್ರ ಬಂದವರಿಗೆಲ್ಲ ಹೇಳುತ್ತಾರಂತೆ: "ಜೀಪಿನದ್ದು ಗೊತ್ತಿಲ್ಲ, ಆ ಮೆಟ್ಟಿಲು ಒಳ್ಳೇದುಂಟು."